ಪಕ್ಕದಂಗಡಿಗೆ ಬಂದ ಸೆಕ್ರೆಟರಿ ಸಾಹೇಬರು

ಅವರ ಬಲಗೈಯ ನಡುಬೆರಳಿನ ಗೆಣ್ಣು ಕಡಲೆಕಾಳಿನಷ್ಟು ದಪ್ಪಗೆ ಜಡ್ಡುಗಟ್ಟಿತ್ತು. ಆಯುಷ್ಯವೆಲ್ಲ ಪಾತ್ರೆ ತಟ್ಟಿ ತಟ್ಟಿ ಆದ ಜಡ್ಡು. ಕೊಳಗವಿರಲಿ, ಹಂಡೆಯಿರಲಿ, ಗಿರಾಕಿಯ ಕೈಗೆ ಕೊಡುವ ಮೊದಲು ಆ ಗೆಣ್ಣಿನಿಂದ ಒಮ್ಮೆ ತಟ್ಟಿ, ತಲೆ ವಾಲಿಸಿ ಸದ್ದು ಕೇಳಿಸಿಕೊಂಡು, "ತಗೊಂಡೋಗಿ, ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ" ಅನ್ನುತ್ತಿದ್ದರು. ಸದ್ದು ಮನಸ್ಸಿಗೆ ಬರದಿದ್ದರೆ ಪಾತ್ರೆ ಮತ್ತೆ ಒಳಕ್ಕೆ. ಈ ಅಭ್ಯಾಸ ಪಾತ್ರೆಗೇ ನಿಲ್ಲಲಿಲ್ಲ. ಸಂಘದ ಮೇಜು, ಸರ್ಕಾರಿ ಕಚೇರಿಯ ಕುರ್ಚಿ, ನನ್ನ ಅಂಗಡಿಯ ಗಾಜಿನ ಕೌಂಟರು, ಎಲ್ಲವನ್ನೂ ತಟ್ಟುತ್ತಿದ್ದರು. ಗಾಜು ಒಡೆದೀತೆಂದು ಅವರನ್ನು ನಾನು ಎಷ್ಟು ಸಲ ಗದರಿದ್ದೇನೋ ಲೆಕ್ಕವಿಲ್ಲ.

ದೊಡ್ಡಬಳ್ಳಾಪುರದ ನಮ್ಮ ಬಜಾರಿನ ವರ್ತಕರ ಸಂಘಕ್ಕೆ ಅವರು ಕಾರ್ಯದರ್ಶಿ. ಅಧ್ಯಕ್ಷರು ಬರುತ್ತಿದ್ದರು, ಶಾಲು ಹೊದ್ದು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಕೆಲಸವೆಲ್ಲ ಇವರ ತಲೆಯ ಮೇಲೆ. ಬಜಾರಿನಲ್ಲಿ ಅವರಿಗೆ ಬೇರೆ ಹೆಸರೇ ಇರಲಿಲ್ಲ. ನಮಗೆಲ್ಲ ಸೆಕ್ರೆಟರಿ ಸಾಹೇಬರು. ಅವರ ಮನೆಯಾಕೆ ಕೂಡ ಸೊಸೆಯೊಂದಿಗೆ ದಖನಿಯಲ್ಲಿ ಮಾತಾಡುತ್ತ ಗಂಡನನ್ನು "ಸೆಕ್ರೆಟರಿ" ಎಂದದ್ದನ್ನು ನಾನೇ ಕಿವಿಯಾರೆ ಕೇಳಿ ನಕ್ಕಿದ್ದೇನೆ.

ಸಂಘದ ಚರಿತ್ರೆ ಕೇಳಿದರೆ ಅವರಿಗೆ ಹಬ್ಬ. ಶುರುವಾದದ್ದು ಒಬ್ಬ ಗೂರ್ಖಾನಿಗೋಸ್ಕರವಂತೆ. ಬಜಾರಿನಲ್ಲಿ ಬೀಗ ಮುರಿಯುವವರ ಕಾಟ ಹೆಚ್ಚಾದಾಗ ಅಂಗಡಿಯವರೆಲ್ಲ ಸೇರಿ ಒಬ್ಬನನ್ನು ಕಾವಲಿಗಿಟ್ಟರು. ಅವನ ಸಂಬಳಕ್ಕೆಂದು ತಿಂಗಳಿಗೊಮ್ಮೆ ಸೇರಲೇಬೇಕಾಯಿತು. ಸೇರಿದ ಮೇಲೆ ಅಂಗಡಿಯವರು ಬಾಯಿ ಮುಚ್ಚಿಕೊಂಡು ಕೂರುತ್ತಾರೆಯೇ? ಕರೆಂಟಿನ ಮಾತು ಬಂತು, ಚರಂಡಿಯ ಮಾತು ಬಂತು, ಹಾಗೇ ಸಂಘವೂ ಆಯಿತು. ಬಸ್ ನಿಲ್ದಾಣದ ಎದುರು ಕಟ್ಟಡ ಕಟ್ಟುವಾಗ ಪ್ರತಿಯೊಬ್ಬರೂ ತಾವು ಮಾರುವುದನ್ನೇ ಕೊಟ್ಟರು. ಕಬ್ಬಿಣದವರು ಕಂಬಿ, ಸಿಮೆಂಟಿನವರು ಸಿಮೆಂಟು, ಸಾಹೇಬರ ತಂದೆ ಅಡುಗೆಯ ಪಾತ್ರೆ. ಬಣ್ಣದಂಗಡಿಯವರು ಮಾರಾಟವಾಗದೆ ಉಳಿದಿದ್ದ ಡಬ್ಬಗಳನ್ನೆಲ್ಲ ತಂದು ಸುರಿದರು. ಹಾಗಾಗಿ ಮಹಡಿಯ ಮೇಲಿನ ಸಭಾಂಗಣದಲ್ಲಿ ಇವತ್ತಿಗೂ ಒಂದೊಂದು ಗೋಡೆ ಒಂದೊಂದು ಬಣ್ಣ. "ಅವನ ಬುದ್ಧಿ ನೋಡಮ್ಮ, ದಾನಾನೂ ಆಯ್ತು, ಗೋಡೌನೂ ಖಾಲಿ ಆಯ್ತು" ಎಂದು ಸಾಹೇಬರು ಪ್ರತಿ ಸಲವೂ ಹೊಸದಾಗಿ ನಗುತ್ತಿದ್ದರು.

ನನ್ನ ಕಾಲಕ್ಕೆ ಸಂಘದ ಕೆಲಸ ಗೂರ್ಖಾನಿಂದ ಬಹಳ ದೂರ ಬಂದಿತ್ತು. ಲೈಸೆನ್ಸ್ ನವೀಕರಣಕ್ಕೆ ನಗರಸಭೆಗೆ ಅಲೆಯುವುದು ತಪ್ಪಲೆಂದು ಅಧಿಕಾರಿಗಳನ್ನೇ ಸಭಾಂಗಣಕ್ಕೆ ಕರೆಸಿ ಕೂರಿಸುತ್ತಿದ್ದರು. ಜಿಎಸ್‌ಟಿ ಬಂದಾಗ ಬೆಂಗಳೂರಿನಿಂದ ಆಡಿಟರನ್ನು ಕರೆಸಿ ಪಾಠ ಹೇಳಿಸಿದರು. ಆನ್‌ಲೈನ್‌ನವರು ಮನೆಬಾಗಿಲಿಗೇ ಸಾಮಾನು ತಂದುಕೊಡಲು ಶುರುಮಾಡಿ ಎಲ್ಲರ ಮುಖ ಬಾಡಿದಾಗ, ಬಜಾರಿನಲ್ಲಿ ಹೆಂಗಸರಿಗೆ ಒಂದು ಶೌಚಾಲಯ ಕಟ್ಟಿಸೋಣ ಎಂದವರು ಅವರೇ. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಸಭೆ ಗೊಳ್ಳೆಂದಿತು. "ಇನ್ನೊಂದರ್ಧ ಗಂಟೆ ಬಜಾರಲ್ಲಿರ್ತಾರಪ್ಪಾ, ಅದೇ ಸಂಬಂಧ" ಎಂದರು. ಶೌಚಾಲಯ ಆಯಿತು. ಅವರು ಹೇಳಿದ್ದೂ ನಿಜವಾಯಿತು.

ಈ ಸಂಘದಲ್ಲಿ ಎರಡು ಪದ್ಧತಿಗಳಿದ್ದವು, ಎರಡೂ ಸಾಹೇಬರು ತಂದದ್ದು. ಒಂದು, ಹೊಸ ಸದಸ್ಯರನ್ನು ಸೇರಿಸಿಕೊಳ್ಳುವ ರೀತಿ. ಮಹಾಸಭೆಯಲ್ಲಿ ಸೇರಬೇಕಾದವರು ಎದ್ದು ನಿಲ್ಲಬೇಕು. ಅವರ ಅಕ್ಕಪಕ್ಕದ ಅಂಗಡಿಯವರಿಬ್ಬರೂ ಎದ್ದು ಬಂದು ಅವರ ಎಡಬಲಕ್ಕೆ ನಿಲ್ಲಬೇಕು. ಒಬ್ಬರು ಬರದಿದ್ದರೂ ಸದಸ್ಯತ್ವವಿಲ್ಲ. ಪಕ್ಕದವರಿಗೆ ಬೇಡವಾದವರು ಬಜಾರಿಗೂ ಬೇಡ ಎಂಬುದು ಲೆಕ್ಕಾಚಾರ. ಇನ್ನೊಂದು, ಗಲ್ಲಾ ಬದಲು. ಇಬ್ಬರು ಅಂಗಡಿಯವರು ಜಗಳ ಹೊತ್ತುಕೊಂಡು ಬಂದರೆ ಸಾಹೇಬರು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಒಂದು ಬೆಳಿಗ್ಗೆ ಇವನು ಅವನ ಗಲ್ಲಾದಲ್ಲಿ, ಅವನು ಇವನ ಗಲ್ಲಾದಲ್ಲಿ ಕೂತು ವ್ಯಾಪಾರ ಮಾಡಬೇಕು. ಅದಾದ ಮೇಲೆಯೇ ಪಂಚಾಯ್ತಿ. ಎಷ್ಟೋ ಜಗಳಗಳು ಆ ಬೆಳಿಗ್ಗೆಯೇ ಮುಗಿದುಹೋಗುತ್ತಿದ್ದವು.

ಈ ಎರಡೂ ಪದ್ಧತಿಗಳು ನನ್ನ ಕುತ್ತಿಗೆಗೇ ಬಂದವು.

ಸಂಘದ ಕಟ್ಟಡದ ಕೆಳಗಿನ ಸಾಲಿನಲ್ಲಿ ನನ್ನ ಸೋದರಮಾವನ ಮಳಿಗೆಯಿತ್ತು, ಹೊಲಿಗೆ ಸಾಮಾನಿನದು. ದಾರ, ಸೂಜಿ, ಹುಕ್ಕು, ಫಾಲ್ಸು, ಲೈನಿಂಗ್ ಬಟ್ಟೆ. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳಲ್ಲಿ ಅರ್ಧ ಜನ ಮನೆಯಲ್ಲೂ ಮಿಷನ್ ಇಟ್ಟುಕೊಂಡಿರುವ ಊರು ಇದು, ವ್ಯಾಪಾರಕ್ಕೇನೂ ಕಡಿಮೆಯಿಲ್ಲ. ಮಾವನಿಗೆ ಮಂಡಿನೋವು, ಆದ್ದರಿಂದ ಅಂಗಡಿ ನಡೆಸುತ್ತಿದ್ದವಳು ನಾನೇ. ಅವರು ವ್ಯಾಪಾರ ಪೂರ್ತಿ ಬಿಟ್ಟಾಗ ಮಳಿಗೆ ನನ್ನ ಹೆಸರಿಗೆ ಆಗಬೇಕಿತ್ತು. ಸಂಘದ ಮಳಿಗೆ ಸದಸ್ಯರಿಗೆ ಮಾತ್ರ. ಬರುವ ಮಹಾಸಭೆಯಲ್ಲಿ ಸದಸ್ಯಳಾಗದಿದ್ದರೆ ಬೀಗದ ಕೈ ಒಪ್ಪಿಸಿ ಮನೆಗೆ ನಡೆಯಬೇಕು. ಆ ಅಂಗಡಿ ಬಿಟ್ಟರೆ ನನಗೆ ಬೇರೆ ಜೀವನೋಪಾಯವೂ ಇರಲಿಲ್ಲ, ಬೇರೆ ಆಸೆಯೂ ಇರಲಿಲ್ಲ.

ಎಡಗಡೆಯ ಔಷಧಿ ಅಂಗಡಿಯವರು ಕೇಳಿದ ಕೂಡಲೇ ಒಪ್ಪಿದರು. ಬಲಗಡೆ ಸೂಟ್‌ಕೇಸು, ಬ್ಯಾಗುಗಳ ಅಂಗಡಿ. ಅದರ ಯಜಮಾನರಿಗೆ ನನ್ನ ಮಳಿಗೆಯ ಮೇಲೆ ಬಹುಕಾಲದಿಂದ ಕಣ್ಣು. ಅವರ ಸರಕು ದೊಡ್ಡದು, ಜಾಗ ಕಿರಿದು. ನಡುಗೋಡೆ ಒಡೆದರೆ ಸಲೀಸು.

"ಹೆಣ್ಮಕ್ಕಳ ವ್ಯಾಪಾರ ಎಷ್ಟು ದಿನ ಬಿಡಮ್ಮ. ನಾಳೆ ಬೇಜಾರಾಗಿ ನೀನೇ ಬಾಗ್ಲು ಹಾಕ್ತೀಯ. ಅದಕ್ಕಿಂತ ಈಗ್ಲೇ ಬಿಟ್ಕೊಡು" ಎಂದರು.

"ನನಗೆ ಬೇಜಾರಾದಾಗ ನಿಮಗೇ ಮೊದಲು ಹೇಳ್ತೀನಿ, ಕಾಯ್ತಾ ಇರಿ" ಎಂದೆ. ನಾಲಿಗೆ ಚುರುಕಾಗಿತ್ತು, ಕೆಲಸ ಕೆಟ್ಟಿತು.

ಸಾಹೇಬರ ಹತ್ತಿರ ಹೋದೆ. ಗಲ್ಲಾ ಬದಲು ಎಂದರು. ಒಂದು ಬುಧವಾರ ಬೆಳಿಗ್ಗೆ ನಾನು ಸೂಟ್‌ಕೇಸುಗಳ ನಡುವೆ ಕೂತೆ, ಯಜಮಾನರು ನನ್ನ ದಾರದುಂಡೆಗಳ ನಡುವೆ. ನಮ್ಮ ತಾಲ್ಲೂಕಿನ ಮಧುರೆ ಹೋಬಳಿ ಕಡೆಯಿಂದ ಬಂದ ಒಂದು ಸಂಸಾರಕ್ಕೆ ನಾನು ಮದುವೆ ಹುಡುಗಿಯ ಸೂಟ್‌ಕೇಸು ಮಾರಿದೆ. ಸೀರೆ ಮಡಚಿಟ್ಟರೆ ಎಷ್ಟು ಹಿಡಿಯುತ್ತದೆಂದು ಅವರ ಸೀರೆಗಳನ್ನೇ ಇಟ್ಟು ತೋರಿಸಿದೆ. ಅತ್ತ ಯಜಮಾನರ ಪಾಡು ಕೇಳಬೇಡಿ. ಲೈನಿಂಗ್ ಹೊಂದಿಸಲು ಬಂದ ಹೆಂಗಸರು, "ಇದಲ್ಲ ಅಣ್ಣಾ, ಈರುಳ್ಳಿ ಸಿಪ್ಪೆ ಬಣ್ಣ", "ಇದೂ ಅಲ್ಲ, ಸ್ವಲ್ಪ ಮಬ್ಬು" ಎಂದು ಥಾನುಗಳನ್ನೆಲ್ಲ ಬಿಚ್ಚಿಸಿಬಿಟ್ಟಿದ್ದರು. ಇನ್ನು ಮನಸ್ಸು ಕರಗಿರುತ್ತದೆಂದು ನಾನು ಒಳಗೊಳಗೇ ಹಿಗ್ಗಿದೆ.

"ಏನಪ್ಪಾ, ಏನು ಕಂಡ್ರಿ?" ಎಂದು ಸಾಹೇಬರು ಕೇಳಿದರು.

ಯಜಮಾನರು ಬೆವರು ಒರೆಸಿಕೊಂಡು, "ಸಖತ್ ಜಾಗ ಸಾಹೇಬ್ರೆ. ಎಷ್ಟು ಜನ ಬರ್ತಾರೆ ಅಂತ ಈಗ ಗೊತ್ತಾಯ್ತು. ನಾನಂತೂ ಬಿಡಲ್ಲ" ಎಂದರು.

ಸಾಹೇಬರ ಪದ್ಧತಿ ಮಗುಚಿ ಬಿದ್ದದ್ದು ಅದೇ ಮೊದಲು. ಅವರು ಮೇಜು ತಟ್ಟಿದರು. ನನಗೆ ತಡೆಯಲಾಗಲಿಲ್ಲ.

"ನಿಯಮ ಮಾಡಿದವರು ನೀವೇ ಅಲ್ವಾ? ನನಗೊಂದು ಸಲ ಸಡಿಲ ಮಾಡಿದ್ರೆ ಏನು ಗಂಟು ಹೋಗುತ್ತೆ?" ಎಂದು ರೇಗಿದೆ.

"ನಿಮಗೋಸ್ಕರ ಸಡಿಲ ಮಾಡಿದ್ರೆ ನಾಳೆ ನನ್ನ ಅಳಿಯನಿಗೋಸ್ಕರಾನೂ ಮಾಡ್ಬೇಕಾಗುತ್ತಮ್ಮ. ಆಮೇಲೆ ಇದು ಸಂಘ ಆಗಿರಲ್ಲ, ನನ್ನ ಮನೆ ಆಗುತ್ತೆ. ಮಹಾಸಭೆಗೆ ಬನ್ನಿ. ಖಂಡಿತ ಬನ್ನಿ."

ಯಾವ ಸುಖಕ್ಕೆ ಹೋಗಬೇಕು ಎನಿಸಿತು. ಆದರೂ ಹೋದೆ. ಬಜಾರೆಲ್ಲ ತುಂಬಿದ್ದ ಸಭಾಂಗಣದಲ್ಲಿ ನಾನೊಬ್ಬಳೇ ಹೆಂಗಸು. ಹೆಸರು ಕರೆದಾಗ ಎದ್ದು ನಿಂತೆ. ಔಷಧಿ ಅಂಗಡಿಯವರು ಬಂದು ನನ್ನ ಎಡಕ್ಕೆ ನಿಂತರು. ಬಲಕ್ಕೆ ಯಾರೂ ಇಲ್ಲ. ಸೂಟ್‌ಕೇಸ್ ಯಜಮಾನರು ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತೇ ಇದ್ದರು, ಮುಖದಲ್ಲಿ ಎಂದೂ ಕಾಣದ ಗೆಲುವು. ಇನ್ನು ಕೂತುಬಿಡೋಣ ಎಂದುಕೊಳ್ಳುವಷ್ಟರಲ್ಲಿ ಸಾಹೇಬರು ವೇದಿಕೆಯಿಂದ ಮೆಲ್ಲಗೆ ಇಳಿದು, ಸಾಲುಗಳ ನಡುವೆ ದಾರಿ ಮಾಡಿಕೊಂಡು ಬಂದು ನನ್ನ ಬಲಕ್ಕೆ ನಿಂತರು.

"ನೀವು ಸೆಕ್ರೆಟರಿ ಸಾಹೇಬ್ರೆ, ಪಕ್ಕದವರಲ್ಲ" ಎಂದು ಹಿಂದಿನಿಂದ ಯಾರೋ ಕೂಗಿದರು.

"ಇವತ್ತು ಬೆಳಿಗ್ಗೆಯಿಂದ ಪಕ್ಕದವನೇ. ಮಳಿಗೆ ಬದಲು ಮಾಡ್ಕೊಂಡಿದೀವಿ. ನನ್ನ ಮೂಲೆ ಅಂಗಡಿ ಇನ್ನು ಸೂಟ್‌ಕೇಸ್ ಯಜಮಾನರದು, ಅವರದು ನಂದು. ಸದಸ್ಯರು ತಮ್ಮತಮ್ಮಲ್ಲಿ ಬದಲು ಮಾಡ್ಕೊಳ್ಳೋಕೆ ನಿಯಮದಲ್ಲಿ ಅಡ್ಡಿ ಇಲ್ಲ, ನೋಡ್ಕೊಳ್ಳಿ" ಎಂದರು.

ಸಭೆ ದಂಗಾಯಿತು. ಸಾಹೇಬರ ಮಳಿಗೆ ಎಂದರೆ ಕಟ್ಟಡಕ್ಕೇ ಕಣ್ಣಿದ್ದಂತೆ: ಬಸ್ ನಿಲ್ದಾಣಕ್ಕೆ ನೇರ ಎದುರು, ಎರಡು ಬಾಗಿಲು, ಅವರ ತಂದೆಯ ಕಾಲದಿಂದ ಬಂದದ್ದು. ಹಳ್ಳಿಗಳಿಂದ ಮದುವೆಯ ಪಾತ್ರೆಗೆ ಬರುವವರು ಬಸ್ಸಿಳಿದು ಕಾಲಿಡುತ್ತಿದ್ದದ್ದೇ ಅಲ್ಲಿಗೆ. ಅದನ್ನು ಬಿಟ್ಟು ಒಳಸಾಲಿನ ಗೂಡಿಗೆ ಬಂದಿದ್ದರು. ಸಂಘದ ಮೊದಲ ಹೆಂಗಸು ಸದಸ್ಯೆ ಒಂದು ಮಾತೂ ಆಡದೆ ಸೇರ್ಪಡೆಯಾದಳು.

ಮಾರನೆಯ ದಿನ ಕೊಳಗ, ಕಡಾಯಿಗಳು ಗಾಡಿಯಲ್ಲಿ ಬಂದಿಳಿದಾಗ, "ಯಾಕೆ ಹೀಗೆ ಮಾಡಿಕೊಂಡ್ರಿ?" ಎಂದು ಕೇಳಿದೆ. "ಪಾತ್ರೆ ತಗೊಳ್ಳೋರು ಹುಡ್ಕೊಂಡು ಬರ್ತಾರಮ್ಮ. ಸೂಟ್‌ಕೇಸ್ ತಗೊಳ್ಳೋರು ಬಸ್ಸಿಗೆ ಓಡ್ತಿರ್ತಾರೆ, ಅವರಿಗೆ ಮೂಲೇನೇ ಸರಿ. ನನಗೂ ಆ ಬಸ್ಸಿನ ಧೂಳು ಸಾಕಾಗಿತ್ತು" ಎಂದರು. ನಾನು ನಂಬಿದೆ. ಹಳೆಯ ಗಿರಾಕಿಗಳು ಹುಡುಕಿಕೊಂಡು ಬಂದರು, ಹೊಸಬರು ಬರಲಿಲ್ಲ. ಅವರು ಯಾವತ್ತೂ ಆ ಮಾತೆತ್ತಲಿಲ್ಲ, ಮುಖ ಸಣ್ಣದು ಮಾಡಲಿಲ್ಲ. ಬಿಡುವಾದಾಗ ನನ್ನ ಅಂಗಡಿಯಲ್ಲಿ ಕೂತು ಸಂಘದ ಕೆಲಸ ಕಲಿಸಿದರು: ಅಧಿಕಾರಿಯ ಹತ್ತಿರ ಹೋಗುವಾಗ ಕೋಪದವನನ್ನು ಕರೆದೊಯ್ಯಬಾರದು, ಒಬ್ಬರೇ ಹೋಗಬಾರದು, ಕೇಳುವುದು ಒಂದೇ ವಿಷಯವಾಗಿರಬೇಕು. ಇವತ್ತು ನಾನು ಅದೇ ಸಂಘದ ಕಾರ್ಯದರ್ಶಿ. ಚೆನ್ನಾಗಿಯೇ ಮಾಡುತ್ತಿದ್ದೇನೆ ಎಂದು ಸಂಕೋಚವಿಲ್ಲದೆ ಹೇಳುತ್ತೇನೆ, ಏಕೆಂದರೆ ಕಲಿಸಿದವರು ಚೆನ್ನಾಗಿ ಕಲಿಸಿದ್ದರು.

ಹೋದ ವರ್ಷ ಸಾಹೇಬರು ತೀರಿಕೊಂಡರು. ನಾಲ್ಕು ದಿನ ಜ್ವರ ಎಂದು ಮಲಗಿದವರು ಏಳಲಿಲ್ಲ. ಮಹಡಿಯ ಮೇಲೆ ಶ್ರದ್ಧಾಂಜಲಿ ಸಭೆ ಕರೆದೆವು. ಅಧ್ಯಕ್ಷರಾಗಿದ್ದವರೆಲ್ಲ ಮಾತಾಡಿದರು, ಕಟ್ಟಡ, ಶೌಚಾಲಯ, ಜಿಎಸ್‌ಟಿ ಎಲ್ಲ ಬಂತು. ಕೊನೆಗೆ ಯಾರೂ ಕರೆಯದೆಯೇ ಸೂಟ್‌ಕೇಸ್ ಯಜಮಾನರು ಎದ್ದರು. ಅವರಿಗೂ ವಯಸ್ಸಾಗಿದೆ, ಕುರ್ಚಿಗಳನ್ನು ಹಿಡಿದುಕೊಳ್ಳುತ್ತ ಬಂದು ಮೈಕು ತೆಗೆದುಕೊಂಡರು.

"ಮೂಲೆ ಅಂಗಡಿ ನನಗೆ ಕೈ ಹಿಡೀತು. ನನ್ನ ಮಕ್ಕಳು ದೊಡ್ಡೋರಾಗಿದ್ದು ಅದರಲ್ಲೇ. ಸಾಹೇಬ್ರ ವ್ಯಾಪಾರ ಇಳಿದಿದ್ದು ನಾನು ಕಣ್ಣಾರೆ ನೋಡ್ದೆ. ಒಂದಿನ ತಡೀಲಾರ್ದೆ ಹೋಗಿ, 'ವಾಪಸ್ ಬಂದ್ಬಿಡಿ, ನಾನು ನನ್ನ ಹಳೇ ಜಾಗಕ್ಕೆ ಹೋಗ್ತೀನಿ' ಅಂದೆ" ಎಂದರು. ಈ ವಿಷಯ ನನಗೂ ಗೊತ್ತಿರಲಿಲ್ಲ. ಯಜಮಾನರು ನನ್ನ ಕಡೆಗೆ ತಿರುಗಿದರು. "ಅದಕ್ಕವರು, 'ನಾನು ಬಂದ್ಬಿಟ್ರೆ ಆಯಮ್ಮನ ಪಕ್ಕ ಯಾರಪ್ಪಾ ನಿಲ್ತಾರೆ?' ಅಂತ ಕೇಳಿದ್ರು. ಕೇಳಿ ನನ್ನ ಮುಖ ನೋಡ್ತಾ ನಿಂತಿದ್ರು. ನಾನು ನಿಲ್ತೀನಿ ಸಾಹೇಬ್ರೆ ಅಂತ ಒಂದು ಮಾತು ಅಂದಿದ್ರೆ ಸಾಕಾಗಿತ್ತು. ಅವತ್ತೂ ನನ್ನ ಬಾಯಲ್ಲಿ ಬರ್ಲಿಲ್ಲ."

ಅಷ್ಟು ಹೇಳಿ ಮೈಕನ್ನು ನನ್ನ ಕೈಗೆ ಕೊಟ್ಟರು. ಕಾರ್ಯದರ್ಶಿಯಾಗಿ ನಾನು ವಂದನಾರ್ಪಣೆ ಮಾಡಬೇಕಿತ್ತು. ಅತ್ತುಬಿಟ್ಟೆ, ಬಜಾರಿನವರೆಲ್ಲರ ಎದುರಿಗೇ.