ವಿಮಾನ ಇಳಿಸಿದ ಗಂಧದ ಬೊಟ್ಟು

ಇವತ್ತು ಬೆಳಿಗ್ಗೆ ಆಯುಧಪೂಜೆಗೆಂದು ಗಂಧ ತೇಯುತ್ತಿದ್ದೆ. ಆ ತಣ್ಣನೆಯ ವಾಸನೆ ಎದ್ದಿತು ನೋಡಿ, ಸಂತೋಷವಾಗುವ ಬದಲು ಗಿಲ್ಟ್ ಆಯಿತು. ದೇವರ ಗಂಧದಿಂದ ಗಿಲ್ಟ್ ಆಗುವುದು ಕಾನ್ವೆಂಟಿನಲ್ಲಿ ಓದಿ ಮಡಿಯ ಮನೆ ಸೇರಿದವರಿಗೆ ಮಾತ್ರ ಸಾಧ್ಯ.

ಎರಡು ವರ್ಷದ ಹಿಂದಿನ ಮಾತು. ನಮ್ಮ ಯಜಮಾನರು ರಿಟೈರ್ ಆದ ಮೇಲೆ ಪೈಲಟ್ ಆಗಿದ್ದರು. ಕಂಪ್ಯೂಟರಿನಲ್ಲಿ ಅನ್ನಿ. ಚಾಮರಾಜಪುರಂನ ನಮ್ಮ ನಡುಮನೆಯಿಂದ ದಿನಾ ಸಂಜೆ ವಿಮಾನ ಹಾರಿಸುವ ಆಟ. ಮೋಡಗಳು ಮೋಡದ ಹಾಗೇ ಕಾಣಲೆಂದು ಗ್ರಾಫಿಕ್ಸ್ ಕಾರ್ಡ್ ಬೇರೆ ಹಾಕಿಸಿಕೊಂಡಿದ್ದರು. ಅವರು ಮೋಡದಲ್ಲಿರುವಾಗ ಊಟಕ್ಕೆ ಕರೆದರೆ, ಲ್ಯಾಂಡ್ ಆಗಿ ಬರುತ್ತೇನೆ ಎನ್ನುವರು. ಸಾರು ಆರುತ್ತಿತ್ತು.

ಆ ವರ್ಷದ ಹಬ್ಬಕ್ಕೆ ಅವರು ಹೂವು ತರಲು ಹೋದಾಗ ನಾನೇ ವೈರು ಕಿತ್ತು ಸಿಪಿಯು ಒರೆಸಿದೆ. ಮಿಕ್ಸಿಗೆ ಇಟ್ಟ ಹಾಗೆ ಅದಕ್ಕೂ ಗಂಧ, ಕುಂಕುಮ. ಭಕ್ತಿ ಹೆಚ್ಚಾಗಿ, ಹಿಂದುಗಡೆ ಮಾನಿಟರಿನ ವೈರು ಸಿಕ್ಕಿಸುವ ತೂತಿಗೂ ಒಂದು ಬೊಟ್ಟು. ಮಾರನೆಯ ದಿನ ವೈರು ಒಳಗೆ ಹೋಗಲೊಲ್ಲದು. ಗಂಧ ಒಣಗಿ ಗಾರೆಯಾಗಿತ್ತು. ಸ್ವಲ್ಪ ಮೇಲೆ ಅಂಥದೇ ಇನ್ನೊಂದು ತೂತು ಕಂಡಿತು. ಸಿಕ್ಕಿಸಿ ಬಂದೆ.

ಸಂಜೆ ಪರದೆ ಕಪ್ಪು. ಫ್ಯಾನು ತಿರುಗುತ್ತದೆ, ಲೈಟು ಉರಿಯುತ್ತದೆ, ಚಿತ್ರ ಮಾತ್ರ ಇಲ್ಲ. ಇವರು ಕಾರ್ಡ್ ಬಿಚ್ಚಿ ಅದರ ಹೊಂಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿದರು, ಊದಿದರು, ಮತ್ತೆ ಕೂರಿಸಿದರು. ಕೊನೆಗೆ ಇಲವಾಲದಿಂದ ರಿಪೇರಿಯ ಮಾದೇಶ ಬಂದ. ಇವರು ಟಾರ್ಚ್ ತರಲು ಒಳಗೆ ಹೋಗಿದ್ದಾಗ ಅವನು ಡಬ್ಬದ ಹಿಂದೆ ಬಗ್ಗಿ ನೋಡಿ ನಕ್ಕ.

“ಅಮ್ಮ, ವೈರು ಈ ಕಾರ್ಡಿಗೇ ಆಕ್ಬೇಕು, ಮೇಲ್ಗಡೆಗಲ್ಲ. ಇದರ ಬಾಯಿಗೆ ಗಂಧ ಮೆತ್ತಿಬುಟ್ಟಿದ್ದೀರಲ್ಲ.” ಬ್ರಷ್ಷಿನಿಂದ ಕೆರೆದು ವೈರು ಬದಲಿಸಿದ. ಪರದೆ ಬೆಳಗಿತು. “ಸಾರ್‌ಗೆ ನೀವೇ ಹೇಳ್ಬುಡಿ ಕಣಮ್ಮ.”

ಹೇಳುವವಳೇ ಇದ್ದೆ. ಬಟ್, ಇವರು ಬಂದವರೇ ಪರದೆ ನೋಡಿ, “ಕಾರ್ಡು ಕಾದು ಹೋಗಿತ್ತು, ತಣ್ಣಗಾಗಿ ಬದುಕಿದೆ. ನನ್ನ ವಿಮಾನದ್ದೇ ತಪ್ಪು ಕಣೇ, ಇನ್ನು ಮುಟ್ಟಲ್ಲ” ಎಂದುಬಿಟ್ಟರು. ಮಾದೇಶ ನನ್ನ ಮುಖ ನೋಡಿ, ಸ್ಕ್ರೂ ಹುಡುಕುವವನ ಹಾಗೆ ತಲೆ ತಗ್ಗಿಸಿದ.

ಮುಟ್ಟಲೇ ಇಲ್ಲ. ಸಂಜೆ ನನ್ನ ಜೊತೆ ಅವರೆಕಾಯಿ ಸುಲಿಯಲು ಕೂತರು. ಎಷ್ಟು ವರ್ಷದ ನನ್ನ ಪ್ರೇಯರ್ ಅದು ಅಂತೀರಿ. ಹೇಳಬೇಕಾದ್ದನ್ನು ಹೇಳದಿರುವುದೂ ಪಾಪವೇ, ಸಿನ್ ಆಫ್ ಒಮಿಷನ್, ಎಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಸುಲಿದ ಕಾಳಿನ ರಾಶಿ ಕಂಡರೆ ಪಾಠ ಮರೆಯುತ್ತಿತ್ತು. ಆದರೆ ಮೇಲೆ ನಿಜವಾದ ವಿಮಾನದ ಸದ್ದಾದರೆ ಅವರ ಕೈ ನಿಲ್ಲುತ್ತಿತ್ತು. ಎದ್ದು ಹೋಗಿ, ಸದ್ದು ಅಡಗುವವರೆಗೆ ಅಂಗಳದಲ್ಲಿ ಕತ್ತೆತ್ತಿ ನಿಲ್ಲುವರು. ಬಂದು ಕೂತು, ಕಾಳಿನ ಪಾತ್ರೆಗೆ ಸಿಪ್ಪೆ ಹಾಕುವರು.

ಇವತ್ತು ಗಂಧದ ಬಟ್ಟಲು ಹಿಡಿದುಕೊಂಡೇ ಹೋಗಿ ಎಲ್ಲ ಕನ್ಫೆಸ್ ಮಾಡಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

“ಹಾಗಾದ್ರೆ ಎರಡು ವರ್ಷ ನಾನು ಸುಮ್‌ಸುಮ್ನೆ ನೆಲದ ಮೇಲಿದ್ದೆನೇನೇ?”

ನಾನೇ ಕಂಪ್ಯೂಟರ್ ಆನ್ ಮಾಡಿ ಅವರನ್ನು ಅದರ ಮುಂದೆ ಕೂರಿಸಿದೆ. ಕುರ್ಚಿ ಎಳೆದುಕೊಂಡು, ಆಟ ನೋಡಲು ಮೊದಲ ಸಲ, ಅವರ ಪಕ್ಕ ಕೂತೆ. ಅಭ್ಯಾಸ ತಪ್ಪಿದ ಕೈ ಪಾಪ, ವಿಮಾನ ಓಲಾಡುತ್ತಾ ಎದ್ದಿತು. ನಾನು ಕಣ್ಣು ಮುಚ್ಚಿಕೊಂಡೆ.

“ಕಣ್ ಬಿಡೇ,” ಎಂದರು, “ಚಾಮುಂಡಿ ಬೆಟ್ಟ ಕೆಳಗಿದೆ.”