ರಸ್ತೆಯೋ, ಲಾವಾವೋ

ತ್ಯಾಮಗೊಂಡ್ಲುವಿನ ಅಮ್ಮನ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, ಸಮುದ್ರದಾಚೆಯ ಒಂದು ದ್ವೀಪದಲ್ಲಿ ರಸ್ತೆ ಉಳಿದಿದೆಯೋ ಇಲ್ಲವೋ ಅಂತ ನಾನು ಹೇಳಬೇಕಿತ್ತು. ಅಲ್ಲಿ ಜ್ವಾಲಾಮುಖಿ ಉಕ್ಕಿತ್ತು. ಬೆಟ್ಟದ ಮೇಲಿನ ಆಸ್ಪತ್ರೆಯವರು ಬಸ್ಸು ಹತ್ತಿ ಉಪಗ್ರಹ ಚಿತ್ರ ಓದುವ ನಮ್ಮ ತಂಡದ ಉತ್ತರಕ್ಕೆ ಕಾದಿದ್ದರು. ಆ ಬಸ್ಸಿನಲ್ಲಿ ನನ್ನ ತಮ್ಮನಿದ್ದ, ಆ ಆಸ್ಪತ್ರೆಯ ನರ್ಸು. ಫೋನುಗಳೆಲ್ಲ ಸತ್ತಿದ್ದವು, ಪರಿಹಾರ ಪಡೆಯ ವೈರ್‌ಲೆಸ್ ಒಂದೇ ಗತಿ.

ತಮ್ಮನ ವಿಷಯ ತಿಳಿದು, ಬೇರೆ ಯಾರಾದರೂ ನೋಡಲಿ ಅಂದರು ನಮ್ಮ ಮುಖ್ಯಸ್ಥರು. ಬಿಟ್ಟುಕೊಡುವ ಜಾಯಮಾನ ನನ್ನದಲ್ಲ.

ಹೊಗೆ ಕವಿದಾಗ ಮಾಮೂಲಿ ಉಪಗ್ರಹ ಚಿತ್ರದಲ್ಲಿ ಏನೂ ಕಾಣದು. ರೇಡಾರ್ ಮಾತ್ರ ಹೊಗೆ ತೂರಿ ನೆಲ ಮುಟ್ಟುತ್ತದೆ. ಉತ್ತ ಹೊಲದ ಹಾಗೆ ಹೆಂಟೆಹೆಂಟೆಯಾದ ಲಾವಾ ಅದರ ಚಿತ್ರದಲ್ಲಿ ಬೆಳ್ಳಗೆ. ಸಗಣಿ ಸಾರಿಸಿದ ಕಣದಂತೆ ನುಣ್ಣಗಿರುವ ಲಾವಾ ಕಪ್ಪಗೆ. ನಮ್ಮ ಗ್ರಹಚಾರಕ್ಕೆ ಟಾರು ರಸ್ತೆಯೂ ಕಪ್ಪಗೇ. ಆಸ್ಪತ್ರೆಯಿಂದ ಬಂದರಿನ ತನಕ ಕಪ್ಪು ಪಟ್ಟಿ ಎಲ್ಲೂ ತುಂಡಾಗದೆ ಇಳಿದಿತ್ತು. ರಸ್ತೆಯೇ ಅದು, ರಸ್ತೆಯೇ ಅಂತ ಮನಸ್ಸು ಬಡಕೊಳ್ಳುತ್ತಿತ್ತು. ಅಲ್ಲೇ ಉಳಿದರೆ ಲಾವಾ ಆಸ್ಪತ್ರೆಯನ್ನೂ ಮುಟ್ಟಬಹುದು. ಹೊಗೆ ತಗ್ಗುವ ತನಕ ಹೆಲಿಕಾಪ್ಟರೂ ಇಳಿಯುವಂತಿರಲಿಲ್ಲ.

ಅಮ್ಮ ಬೆಳಗಿನಿಂದ ಒಲೆ ಹಚ್ಚಿರಲಿಲ್ಲ. ಮಗ ಬಂದರೆ ಶಿವಗಂಗೆ ಬೆಟ್ಟ ಹತ್ತಿಸುತ್ತೇನೆ ಅಂತ ಹರಕೆ ಹೊತ್ತು, ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ಆಚೆ ಹೋಗು ಅಂತ ಸಿಡುಕಿದೆ. ಕದಲಲಿಲ್ಲ.

ಲಾವಾ ಹರಿಯುವ ಮೊದಲಿನ ಚಿತ್ರವನ್ನು ಪಕ್ಕಕ್ಕಿಟ್ಟು ನೋಡಿದೆ. ಅದರಲ್ಲಿ ರಸ್ತೆಯಂಚಿನ ಕಬ್ಬಿಣದ ತಡೆಬೇಲಿ ಉದ್ದಕ್ಕೂ ಬಿಳಿ ಗೆರೆಯಾಗಿ ಹೊಳೆಯುತ್ತಿತ್ತು. ಹೊಸದರಲ್ಲಿ ಆ ಗೆರೆ ಕೊನೆಯ ತಿರುವಿನ ತನಕ ಇದೆ, ತಿರುವಿನಲ್ಲಿ ಇಲ್ಲ. ಬೇಲಿಯೇ ಮುಳುಗಿದ ಮೇಲೆ ರಸ್ತೆ ಎಲ್ಲಿಯದು? ರಸ್ತೆ ಇಲ್ಲ, ಬಸ್ಸು ಬಿಡಬೇಡಿ ಅಂತ ಬರೆದು ಕಳಿಸಿದೆ.

"ಹೊರಟ್ನಾ?" ಅಮ್ಮ ಕೇಳಿದಳು.

"ಇಲ್ಲಮ್ಮ. ಬೇಡ ಅಂತ ನಾನೇ ಹೇಳ್ದೆ."

ಅಮ್ಮ ನನ್ನನ್ನು ಹಾಗೆ ಎಂದೂ ನೋಡಿರಲಿಲ್ಲ. ಹೋಗಿ ದೇವರ ಮುಂದೆ ಕೂತಳು. ನಾನು ಮತ್ತೆ ಮತ್ತೆ ಅದೇ ತಿರುವನ್ನು ನೋಡಿದೆ. ನನ್ನ ಲೆಕ್ಕ ತಪ್ಪಿದ್ದರೆ ತಮ್ಮನನ್ನು ಕೊಂದವಳು ನಾನೇ ಅನ್ನಿಸಿತು.

ಮಾರನೇ ದಿನ ಮಧ್ಯಾಹ್ನ ಅಲ್ಲಿಯ ಲೈನು ಸರಿಯಾಗಿ ತಮ್ಮನ ಫೋನ್ ಬಂತು. ಹೊಗೆ ತಗ್ಗಿ, ಹೆಲಿಕಾಪ್ಟರಿನಲ್ಲಿ ಎಲ್ಲರನ್ನೂ ಬಂದರಿಗೆ ಇಳಿಸಿದ್ದರಂತೆ.

"ಯಾವನೋ ತಲೆಕೆಟ್ಟೋನು ರಸ್ತೆ ಇಲ್ಲ ಅಂದ್ಬಿಟ್ಟ ಕಣಕ್ಕ. ಎಲ್ರೂ ಬಾಯಿಗ್ ಬಂದಂಗೆ ಬೈದ್ವಿ. ಮೇಲಿಂದ ನೋಡಿದ್ರೆ ಆ ತಿರುವೇ ಇರ್ಲಿಲ್ಲ."

ಸ್ಪೀಕರಿನಲ್ಲಿ ಕೇಳುತ್ತಿದ್ದ ಅಮ್ಮ ಫೋನ್ ಕಿತ್ತುಕೊಂಡಳು.

"ಯಾವನೋ ಅಲ್ಲ ಕಣೋ, ನಿಮ್ಮಕ್ಕ," ಅಂದಳು. "ನಾನೂ ಬೈದೆ ಕಣೋ, ಮನಸ್ನಲ್ಲೇ," ಅನ್ನುತ್ತಾ ಅಳತೊಡಗಿದಳು.