ಬೀಜಕ್ಕೆ ಬೆಲೆ ಬಂದ ಮೇಲೆ

ನನ್ನನ್ನು ಮಧುಗಿರಿಗೆ ಕೊಟ್ಟಾಗ ಗಂಡನ ಮನೆಯವರ ಹುಣಸೆಹಣ್ಣಿನ ವ್ಯಾಪಾರ ಆಗತಾನೆ ಕುದುರುತ್ತಿತ್ತು. ನನ್ನ ಗಂಡ ಮತ್ತು ಅವರ ಅಣ್ಣ, ಅಂದರೆ ನನ್ನ ಭಾವ, ಸುತ್ತಲಿನ ಹಳ್ಳಿಗಳಲ್ಲಿ ಮರಗಳನ್ನು ಗುತ್ತಿಗೆಗೆ ಹಿಡಿದು, ಹಣ್ಣು ಉದುರಿಸಿ, ಗಾಡಿಯಲ್ಲಿ ತಂದು ಹಿತ್ತಲಲ್ಲಿ ಸುರಿಯುತ್ತಿದ್ದರು. ಕೋಟೆ ಬುಡದ ಕೇರಿಯಿಂದ ಹೆಂಗಸರು ಬಂದು ಹಣ್ಣು ಬಡಿದು, ನಾರು ಕಿತ್ತು, ಬೀಜ ಬಿಡಿಸಿ ಉಂಡೆ ಕಟ್ಟುತ್ತಿದ್ದರು. ಉಂಡೆ ಮಂಡಿಗೆ ಹೋಗುತ್ತಿತ್ತು, ಬೀಜ ತಿಪ್ಪೆಗೆ.

ನಾನು ಸಿರಾ ಸೀಮೆಯ ಪಟ್ಟನಾಯಕನಹಳ್ಳಿ ಕಡೆಯವಳು. ತವರಿನಲ್ಲಿ ಕುರಿ ಸಾಕಿ ಕಂಬಳಿ ನೇಯುತ್ತಿದ್ದರು. ಮಗ್ಗಕ್ಕೆ ಏರಿಸುವ ಮುಂಚೆ ಉಣ್ಣೆಯ ನೂಲಿಗೆ ಹುಣಸೆ ಬೀಜದ ಗಂಜಿ ಬಳಿಯದಿದ್ದರೆ ಎಳೆ ನಿಲ್ಲುವುದಿಲ್ಲ. ಬೀಜ ಸಾಲದೆ ನಮ್ಮವ್ವ ಕಂಡವರ ಮರದ ಬುಡದಲ್ಲಿ ಆಯ್ದು ತರುತ್ತಿದ್ದಳು. ಅದನ್ನು ನೋಡಿ ಬೆಳೆದ ನನಗೆ ಗಂಡನ ಮನೆಯ ತಿಪ್ಪೆ ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ಹೊಸದರಲ್ಲಿ ಬಾಯಿ ಬಿಡಲಿಲ್ಲ. ಬಂದವಳಿಗೆ ಆ ಹಿತ್ತಲಲ್ಲಿ ಮಾತಿಗೆ ಸಿಕ್ಕವಳು ಒಬ್ಬಳೇ: ದೊಡ್ಡೇರಿ ಕಡೆಯಿಂದ ಬಂದು ಕೋಟೆ ಕೆಳಗೆ ನೆಲೆಸಿದ್ದ ಒಬ್ಬ ಕೂಲಿ ಹೆಂಗಸು. ಗಂಡ ತೀರಿಕೊಂಡಿದ್ದ, ಮಗಳು ಬಾಣಂತನದಲ್ಲಿ ಹೋಗಿದ್ದಳು, ಮೊಮ್ಮಗಳನ್ನು ಸಾಕಿಕೊಂಡಿದ್ದಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಬೆರಳು ಜಜ್ಜಿಕೊಳ್ಳದಂತೆ ಕೊಡತಿಯಲ್ಲಿ ಹಣ್ಣು ಬಡಿಯುವುದನ್ನು ಕಲಿಸಿದವಳು ಅವಳೇ. ನನಗೆ ಬಸಿರು ನಿಲ್ಲದ ಆ ವರ್ಷ ಅತ್ತೆ ಮುಖ ತಿರುಗಿಸಿದರೆ, ಅವಳು ಮಾತ್ರ ಹಿತ್ತಲ ಬಾಗಿಲಲ್ಲಿ ಕೂತು, "ಅಳಬ್ಯಾಡ ಕಣವ್ವ, ಒಂದೀಟು ಉಣ್ಣು" ಎಂದು ತನ್ನ ಬುತ್ತಿಯ ಮುದ್ದೆ ಮುರಿದು ಕೊಟ್ಟಿದ್ದಳು.

ಒಂದು ಬೇಸಿಗೆ ಮರಗಳಲ್ಲಿ ಹಣ್ಣು ಕಡಿಮೆಯಾಯಿತು. ಗುತ್ತಿಗೆಗೆ ಹಾಕಿದ ದುಡ್ಡೂ ಹುಟ್ಟುವುದಿಲ್ಲ ಎಂದು ಅಣ್ಣ ತಮ್ಮ ಇಬ್ಬರೂ ತಲೆ ಮೇಲೆ ಕೈಹೊತ್ತು ಕೂತಿದ್ದಾಗ ನಾನು ಗಂಡನಿಗೆ ಬೀಜದ ವಿಷಯ ಹೇಳಿದೆ. ಅವರು ನಕ್ಕರು. "ತಿಪ್ಪೆ ಮಾರು ಅಂತೀಯೇನೇ?"

ನಾನು ಸುಮ್ಮನಿರದೆ ಬೀಜ ತೊಳೆದು, ಒಣಗಿಸಿ, ಹುಳುಕು ಆರಿಸಿ, ಹಬ್ಬಕ್ಕೆ ಬಂದ ನನ್ನ ತಮ್ಮನ ಕೈಲಿ ಎರಡು ಮೂಟೆ ಸಿರಾಕ್ಕೆ ಕಳಿಸಿದೆ. ನೇಯುವವರು ಕೈಗೆ ಸಿಕ್ಕಂತೆ ಕೊಂಡುಬಿಟ್ಟರು. ಮುಂದಿನ ಸಲ ಪಾವಗಡದಾಚೆಯ ಒಬ್ಬ ತೆಲುಗು ವ್ಯಾಪಾರಿ ಮನೆಗೇ ಬಂದ. ಗಂಜಿ ಪುಡಿ ಮಾಡುವ ಗಿರಣಿಗೆ ಅವನು ಬೀಜ ಒದಗಿಸುತ್ತಿದ್ದನಂತೆ. "ಚಿಂತಗಿಂಜಲು ಎಂತುನ್ನಾ ತೀಸ್ಕುಂಟಾನು," ಹುಣಸೆ ಬೀಜ ಎಷ್ಟಿದ್ದರೂ ತೆಗೆದುಕೊಳ್ಳುತ್ತೇನೆ ಎಂದ. ಆ ವರ್ಷ ನಮ್ಮನ್ನು ಉಳಿಸಿದ್ದು ಹಣ್ಣಲ್ಲ, ಬೀಜ.

ಭಾವ ನನ್ನೊಂದಿಗೆ ನೇರವಾಗಿ ಮಾತಾಡುವ ರೂಢಿ ಇರಲಿಲ್ಲ. ಹಾಗಾಗಿ ಭೇಷ್ ಅನ್ನುವುದೂ ಇರಲಿಲ್ಲ. ಮಂಡಿಯಲ್ಲಿ ನಾಲ್ಕು ಜನರ ಮುಂದೆ, "ಯಾಪಾರ ಅಂದ್ರೆ ಕಣ್ಣು ಇಂಗಿರ್ಬೇಕು, ತಿಪ್ಪೆನಾಗೂ ಕಾಸು ಕಾಣ್ಬೇಕು" ಎಂದು ಅವರು ಹೇಳಿದ್ದನ್ನು ನನ್ನ ಗಂಡನೇ ಮನೆಗೆ ಬಂದು ಹೆಮ್ಮೆಯಿಂದ ಹೇಳಿದರು. ಆ ಕಣ್ಣಿನವಳು ನಾನು ಹುಳುಕು ಬೀಜ ಆರಿಸುತ್ತ ಕೂತಿದ್ದೆ.

ವ್ಯಾಪಾರ ಬೆಳೆಯಿತು. ಹಿತ್ತಲಿಗೆ ಶೀಟಿನ ಶೆಡ್ ಬಂತು, ಗಾಡಿಯ ಬದಲು ಲಾರಿ ಬಂತು. ಭಾವನ ಕಣ್ಣು ನಿಜಕ್ಕೂ ಚುರುಕಾಯಿತು. ಕೂಲಿಯವರು ಸಂಜೆ ಮನೆಗೆ ಹೋಗುವಾಗ ಒಂದು ಹಿಡಿ ಬೀಜ ಮಡಿಲಿಗೆ ಹಾಕಿಕೊಳ್ಳುವುದು ಮೊದಲಿನಿಂದ ಇದ್ದದ್ದು. ಹುರಿದು ಮಕ್ಕಳ ಕೈಗೆ ಕೊಟ್ಟರೆ ಅವು ಅಗಿಯುತ್ತಾ ಸುಮ್ಮನಿರುತ್ತವೆ. ಬೀಜ ತಿಪ್ಪೆಗೆ ಹೋಗುತ್ತಿದ್ದಾಗ ಅದನ್ನು ಯಾರೂ ಕಂಡಿರಲಿಲ್ಲ. ಈಗ ಭಾವ ಕಂಡರು.

ಒಂದು ಸಂಜೆ ನಡುಮನೆಯಲ್ಲಿ ನಿಂತು ಅತ್ತೆಗೆ ಹೇಳಿದರು, ನಾನು ಅಲ್ಲೇ ಕಂಬದ ಹಿಂದೆ ಇದ್ದೆ. "ಹೋಗಾಗ ಎಲ್ಲರ ಮಡ್ಲು ಝಾಡಿಸ್ಬೇಕು. ಗಂಡಸ್ರು ನೋಡಕಾಯ್ತದಾ? ಕಿರೀ ಸೊಸೆಗೆ ಹೇಳವ್ವ, ಬೀಜದ ಯವಾರ ಅವಳದೇ ಅಲ್ವಾ."

"ನಾ ಮಾಡಕಿಲ್ಲ ಅತ್ತೆ," ಎಂದೆ.

"ಬೀಜ ಆರ್ಸಿ ಅಂದೋಳೂ ನೀನೇ, ಈಗ ಆಗಕಿಲ್ಲ ಅನ್ನೋಳೂ ನೀನೇನಾ?" ಎಂದರು ಅತ್ತೆ.

"ಅವರ ಸೀರೆಗೆ ಕೈ ಹಾಕಕಿಲ್ಲ. ಬೇಕಾದ್ರೆ ನನ್ನ ತವರಿಗೆ ಕಳ್ಸಿಬುಡಿ."

ಗಂಡ ಅಲ್ಲೇ ಕೂತು ತಕ್ಕಡಿಯ ಹಗ್ಗ ಸರಿಮಾಡುತ್ತಲೇ ಇದ್ದರು. ಕೊನೆಗೆ ಭಾವನ ಹೆಂಡತಿ, ನನ್ನ ಓರಗಿತ್ತಿ, ಸೆರಗು ಸಿಕ್ಕಿಸಿಕೊಂಡು ಶೆಡ್ಡಿನ ಗೇಟಿಗೆ ಹೋದಳು.

ನಾನು ಶೆಡ್ಡಿನೊಳಗಿಂದ ನೋಡಿದೆ. ಮುಂದಿದ್ದವರು ಏನಾಗುತ್ತಿದೆಯೆಂದು ತಿಳಿಯುವ ಮೊದಲೇ ಮಡಿಲು ಬಿಚ್ಚಿದರು. ಒಬ್ಬಳು ಅತ್ತಳು. ಅಕ್ಕನ ಸರದಿ ಬಂದಾಗ ಓರಗಿತ್ತಿ ಕೈಚಾಚಿದಳು. ಅಕ್ಕ ಅವಳ ಕೈ ತಟ್ಟಿ ಬದಿಗೆ ಸರಿಸಿ, ತಾನೇ ಮಡಿಲು ಬಿಚ್ಚಿ ಕೊಡವಿದಳು. ಬೀಜ ಚೆಲ್ಲಿತು, ಎಲೆಅಡಿಕೆ ಚೀಲ ಬಿತ್ತು, ಮೊಮ್ಮಗಳಿಗೆಂದು ಇಟ್ಟಿದ್ದ ರಿಬ್ಬನ್ ಬಿತ್ತು.

"ಆಯ್ತಾ? ಇನ್ನೂ ಅನ್ಮಾನ ಐತಾ? ಸೀರೆನೂ ಬಿಚ್ಲಾ?" ಎಂದಳು. ಕೂಗಲಿಲ್ಲ. ರಿಬ್ಬನ್ನು, ಚೀಲ ಎತ್ತಿಕೊಂಡು ಹೊರಟಳು. ಅವಳು ಹೋದದ್ದು ನೋಡಿ ಹಿಂದಿದ್ದವರೂ ತಾವೇ ಕೊಡವಿ ಹೋದರು.

ಮಾರನೆಯ ದಿನ ಕೇರಿಯಿಂದ ಯಾರೂ ಬರಲಿಲ್ಲ. ಈಗ ನಮ್ಮ ಮನೆಯವರಿಗೆ ಬುದ್ಧಿ ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಭಾವ ದೂರದ ರಾಯಚರ್ಲು ಕಡೆಯಿಂದ ಆಳುಗಳನ್ನು ಕರೆತಂದು ಶೆಡ್ಡಿನಲ್ಲೇ ಮಲಗಿಸಿದರು. ಅವರಿಗೆ ಕೂಲಿ ಇನ್ನೂ ಕಡಿಮೆ, ಸಂಜೆ ಹೋಗಲು ಮನೆಯೂ ಇಲ್ಲ. "ಇದೂ ಒಂದು ಉಳ್ತಾಯ ಆಯ್ತು ನೋಡು," ಎಂದು ಭಾವ ತಮ್ಮನ ಬೆನ್ನು ತಟ್ಟಿದರು.

ನಾನು ಒಂದು ಮಧ್ಯಾಹ್ನ ಸೆರಗಿನಲ್ಲಿ ಬೀಜ ಕಟ್ಟಿಕೊಂಡು ಕೋಟೆ ಕೇರಿಗೆ ಹೋದೆ. ಅಕ್ಕ ಬಾಗಿಲಲ್ಲಿ ಮೊಮ್ಮಗಳ ತಲೆ ಬಾಚುತ್ತಿದ್ದಳು. ಕೂತುಕೋ ಎಂದಳು, ನೀರು ಕೊಟ್ಟಳು. ಸೆರಗು ಬಿಚ್ಚಿದಾಗ ಮಾತ್ರ ಕೈ ಅಡ್ಡ ತಂದಳು.

"ನಿನ್ ಮ್ಯಾಲೆ ಕ್ವಾಪ ಇಲ್ಲ ಕಣವ್ವ. ನೀನು ಕೈ ಹಾಕಕಿಲ್ಲ ಅಂದಿದ್ದೂ ಗೊತ್ತು. ಆದ್ರೆ ತಿಪ್ಪೆನಾಗಿದ್ದಿದ್ರೆ ಅದು ನಮ್ದಾಗಿರ್ತಿತ್ತು."

ನಾನು ಸೆರಗಿನ ಗಂಟು ಮತ್ತೆ ಕಟ್ಟಿಕೊಂಡೆ. ಬಡವರ ಮನೆಯಿಂದ ಬಂದವಳು, ಬಿಸಾಡುವುದರ ಬೆಲೆ ತಿಳಿದವಳು ಎಂದು ನನ್ನ ಮೇಲೆ ನನಗೆ ಹೆಮ್ಮೆಯಿತ್ತು. ಬಿಸಾಡಿದ್ದನ್ನೂ ಯಾರೋ ತಿನ್ನುತ್ತಿರುತ್ತಾರೆ ಎಂಬುದು ತವರಿನ ಮಗ್ಗದ ಮುಂದೆ ಕೂತಿದ್ದಾಗ ತಿಳಿದಿತ್ತು, ಇಲ್ಲಿಗೆ ಬಂದ ಮೇಲೆ ಯಾವಾಗ ಮರೆತುಹೋಯಿತೋ ಕಾಣೆ.

ಅಕ್ಕ ಆಮೇಲೆ ರಸ್ತೆ ಕೆಲಸಕ್ಕೆ ಜಲ್ಲಿ ಒಡೆಯಲು ಹೋದಳು. ಕೆಲವು ವರ್ಷ ಕಳೆದು ಕೊರಟಗೆರೆ ಬಸ್‌ ಸ್ಟ್ಯಾಂಡಿನಲ್ಲಿ ಸಿಕ್ಕಳು. ಕಲ್ಲಿನ ಚೂರು ಸಿಡಿದು ಒಂದು ಕಣ್ಣು ಬೆಳ್ಳಗಾಗಿತ್ತು. ಮಾತಾಡಿಸಿದೆ. ಮೊಮ್ಮಗಳ ಮದುವೆ ಆಯಿತು ಎಂದಳು, ಬಸ್ಸು ಬಂತು, ಹತ್ತಿದಳು.

ಮನೆಗೆ ಬಂದು ಗಂಡನಿಗೆ ಹೇಳಿದೆ: ನಮ್ಮ ಹಿತ್ತಲಲ್ಲಿ ಹಣ್ಣು ಬಡಿಯುತ್ತಿದ್ದ ಅಕ್ಕನಿಗೆ ಒಂದು ಕಣ್ಣು ಹೋಗಿದೆ.

"ಯಾವ ಅಕ್ಕ?" ಎಂದರು.

ನಾನು ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆ.